ಈಗ ಇಲ್ಲಿ ಸೇರಿ, ಆಮೇಲೆ ಅಲ್ಲಿಗೆ: ಕಾಲೇಜು ಬದಲಿಸುವ ಯೋಚನೆ ಇದ್ದರೆ ಸೇರುವ ಮೊದಲೇ ಮಾಡಬೇಕಾದ ಕೆಲಸಗಳು

ಪಿಯು ಫಲಿತಾಂಶ ಬಂದ ವಾರ ಉಡುಪಿ, ಕುಂದಾಪುರ, ಕಾರ್ಕಳ ಕಡೆಯ ಮನೆಗಳಲ್ಲಿ ಒಂದು ಮಾತು ಖಾಯಂ. "ಈಗ ಇಲ್ಲೇ ಹತ್ತಿರ ಸೇರು ಮಗಾ, ಒಂದು ವರ್ಷ ಆಗಲಿ, ಆಮೇಲೆ ಮಂಗಳೂರಿಗೆ ಹೋದರಾಯ್ತು." ವರ್ಷ ಕಳೆದ ಮೇಲೆ ಅದೇ ಮನೆಯವರ ಫೋನ್ ಬರುತ್ತದೆ. ಸೀಟಿಲ್ಲ ಅಂತಾರೆ. ಸಬ್ಜೆಕ್ಟ್ ಹೊಂದುವುದಿಲ್ಲ ಅಂತಾರೆ. ಟಿಸಿ ತೆಗೆದುಕೊಂಡಾಗಿದೆ, ಇನ್ನು ಎಂತ ಮಾಡುವುದು?

ಹೆಚ್ಚಿನವರು ಎಡವುವುದು ಒಂದೇ ಕಡೆ. ಮೊದಲು ಸೇರುವ ಕಾಲೇಜಿಗೆ ಹೋಗಿ "ಆಮೇಲೆ ಬಿಡಬಹುದಾ?" ಎಂದು ಕೇಳುತ್ತಾರೆ. ಬಿಡುವುದಕ್ಕೆ ಯಾರು ಬೇಡ ಅಂತಾರೆ? ಕೇಳಬೇಕಾದದ್ದು ಎರಡನೇ ಕಾಲೇಜನ್ನು, ಅದೂ ಮೊದಲನೆಯದಕ್ಕೆ ಫೀಸ್ ಕಟ್ಟುವ ಮೊದಲು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ.

ಇದು ಬಿಎ, ಬಿಕಾಂ, ಬಿಎಸ್ಸಿ, ಬಿಸಿಎ, ಬಿಬಿಎ ಮತ್ತು ಎಂಜಿನಿಯರಿಂಗ್ ಸೇರುವವರಿಗೆ. ಮೆಡಿಕಲ್, ಡೆಂಟಲ್, ನರ್ಸಿಂಗ್‌ಗಳ ನಿಯಮವೇ ಬೇರೆ. ಅವರಿಗೆ ಇಲ್ಲಿನ ಸಲಹೆ ಬೇಡ.

ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದವು

ಎರಡೂ ಕಾಲೇಜುಗಳ ಈಗಿನ ಸಿಲೆಬಸ್, ಪ್ರಿಂಟ್ ಹಾಕಿಸಿದ್ದೇ ಆಗಬೇಕು. ಎರಡೂ ಕಡೆಯ ಪ್ರಾಸ್ಪೆಕ್ಟಸ್ ಮತ್ತು ಫೀಸಿನ ಪಟ್ಟಿ. ಎಸ್ಸೆಸ್ಸೆಲ್ಸಿ, ಪಿಯು ಮಾರ್ಕ್ಸ್ ಕಾರ್ಡಿನ ಜೆರಾಕ್ಸ್. ಒಂದು ಪುಸ್ತಕ, ಒಂದು ಪೆನ್ಸಿಲ್. ಜೊತೆಗೆ ಪ್ರವೇಶದ ಕೊನೆಯ ದಿನಕ್ಕೆ ಮೊದಲು ಕನಿಷ್ಠ ಒಂದು ವಾರದ ಸಮಯ. ಕೊನೆಯ ದಿನ ಮಧ್ಯಾಹ್ನ ಕೌಂಟರಿನ ಎದುರು ನಿಂತು ತೆಗೆದುಕೊಳ್ಳುವ ನಿರ್ಧಾರ ಇದಲ್ಲ.

ಹಂತ 1: ಬದಲಿಸುವ ಕಾರಣವನ್ನು ಒಂದು ಸಾಲಿನಲ್ಲಿ ಬರೆಯಿರಿ

ಒಂದೇ ಸಾಲು. ಎರಡು ಸಾಲಾದರೆ ಕಾರಣ ಇನ್ನೂ ಗಟ್ಟಿಯಾಗಿಲ್ಲ ಎಂದರ್ಥ.

"ಮೊದಲ ವರ್ಷ ಹಾಸ್ಟೆಲ್ ಖರ್ಚು ಉಳಿಸಬೇಕು" ಎನ್ನುವುದು ಕಾರಣ. "ಬೇಕಾದ ಕಾಂಬಿನೇಶನ್ ಹತ್ತಿರ ಇಲ್ಲ" ಎನ್ನುವುದೂ ಕಾರಣವೇ, ಆದರೆ ಅದಕ್ಕೆ ಬದಲಾವಣೆ ಮದ್ದಲ್ಲ. ಇಲ್ಲಿ ಇಲ್ಲದ ಸಬ್ಜೆಕ್ಟನ್ನು ಎರಡನೇ ವರ್ಷ ಅಲ್ಲಿ ಹೋಗಿ ನಡುವಿನಿಂದ ಓದಲು ಬಿಡುವುದಿಲ್ಲ. ಅಂಥವರು ಮೊದಲ ದಿನವೇ ಅಲ್ಲಿಗೆ ಹೋಗಬೇಕು. "ಸಿಎ ಕೋಚಿಂಗ್ ಮಂಗಳೂರಿನಲ್ಲಿ ಚೆನ್ನಾಗಿದೆ" ಎಂದು ಬರೆದಿದ್ದರೆ ನಿಮಗೆ ಬೇಕಾದದ್ದು ಕೋಚಿಂಗ್ ಸೆಂಟರು, ಕಾಲೇಜಲ್ಲ. ಡಿಗ್ರಿ ಉಡುಪಿಯಲ್ಲೇ ಮುಗಿಸಬಹುದು.

"ಕೆಸಿಇಟಿ ಸೀಟು ಸಿಗುವವರೆಗೆ ಒಂದು ಕಡೆ ಇರಲಿ" ಎನ್ನುವವರದ್ದು ಬೇರೆ ಕತೆ. ಅದು ಕಾಲೇಜು ಬದಲಾವಣೆ ಅಲ್ಲ, ಕೆಲವು ವಾರಗಳ ಕಾಯುವಿಕೆ. ನೇರ ಹಂತ 6ಕ್ಕೆ ಹೋಗಿ.

"ಅಲ್ಲಿ ಹೆಸರು ಜಾಸ್ತಿ" ಎಂದಷ್ಟೇ ಬರೆದಿದ್ದರೆ ಇನ್ನೊಮ್ಮೆ ಯೋಚಿಸಿ. ಆ ಹೆಸರಿನಿಂದ ನಿಮಗೆ ಸಿಗಬೇಕಾದದ್ದು ಎಂತ? ಕ್ಯಾಂಪಸ್ ಸಂದರ್ಶನವಾ? ಹಾಗಾದರೆ ನಡುವೆ ಬಂದವರನ್ನು ಅದಕ್ಕೆ ಕೂರಿಸುತ್ತಾರಾ ಎಂಬ ಪ್ರಶ್ನೆಯನ್ನು ಹಂತ 4ರ ಪಟ್ಟಿಗೆ ಸೇರಿಸಿ.

ಹಂತ 2: ಎರಡೂ ಕಾಲೇಜು ಯಾವ ವಿಶ್ವವಿದ್ಯಾನಿಲಯದ ಒಳಗೆ ಬರುತ್ತವೆ ನೋಡಿ

ಅರ್ಧ ಉತ್ತರ ಇಲ್ಲೇ ಸಿಗುತ್ತದೆ. ಒಂದೇ ವಿವಿಯ ಎರಡು ಸಾಮಾನ್ಯ ಕಾಲೇಜುಗಳ ನಡುವೆ ಸಿಲೆಬಸ್ ಒಂದೇ, ಪರೀಕ್ಷೆ ಒಂದೇ, ರಿಜಿಸ್ಟರ್ ನಂಬರ್ ಕೂಡ ಅದೇ ವಿವಿಯದು. ಬದಲಾಯಿಸುವುದು ಕಷ್ಟವಾದರೂ ಆಗದ ಕೆಲಸವಲ್ಲ. ವಿವಿ ಬದಲಾದ ಕೂಡಲೇ ಮೈಗ್ರೇಶನ್ ಸರ್ಟಿಫಿಕೇಟ್ (ಹಳೆಯ ವಿವಿ ಬಿಟ್ಟು ಹೋಗಲು ಅದು ಕೊಡುವ ಪತ್ರ), ಅರ್ಹತಾ ಪತ್ರ, ಓದಿದ ಪೇಪರುಗಳ ಸಮಾನತೆ ಎಲ್ಲ ಬರುತ್ತದೆ.

ನಮ್ಮ ಊರಿನಲ್ಲಿ ಇದು ನೋಡಿದಷ್ಟು ಸುಲಭ ಅಲ್ಲ. ಬೋರ್ಡು ನೋಡಿ ಅಂದಾಜು ಮಾಡಬೇಡಿ. ಉಡುಪಿಯ ಎಂಜಿಎಂ ಕಾಲೇಜು, ಹಂಪನಕಟ್ಟೆಯ ವಿಶ್ವವಿದ್ಯಾನಿಲಯ ಕಾಲೇಜು, ಎರಡೂ ಕೊಣಾಜೆಯ ಮಂಗಳೂರು ವಿವಿಯ ಒಳಗಿನವು. ಮಂಗಳೂರಿನ ಸೇಂಟ್ ಆಗ್ನೆಸ್, ಉಜಿರೆಯ ಎಸ್‌ಡಿಎಂ ಕೂಡ ಅದೇ ವಿವಿಯವು, ಆದರೆ ಸ್ವಾಯತ್ತ. ಅಂದರೆ ಪದವಿ ಕೊಡುವುದು ವಿವಿ, ಸಿಲೆಬಸ್ ಮಾಡುವುದು, ಪರೀಕ್ಷೆ ನಡೆಸುವುದು ಕಾಲೇಜೇ. ಸೇಂಟ್ ಅಲೋಶಿಯಸ್ 2024ರಲ್ಲಿ ಡೀಮ್ಡ್ ವಿವಿ ಆಯಿತು, ಅಂದರೆ ಪದವಿಯನ್ನೂ ತಾನೇ ಕೊಡುತ್ತದೆ. ಅಣ್ಣನೋ ಅಕ್ಕನೋ ಐದಾರು ವರ್ಷದ ಹಿಂದೆ ಅಲ್ಲಿಗೆ ಹೇಗೆ ಹೋದರು ಎಂಬ ಅನುಭವ ಈಗ ನಿಮ್ಮ ಉಪಯೋಗಕ್ಕೆ ಬರುವುದಿಲ್ಲ. ಹೊರಗಿನ ವಿವಿ ಎಂದೇ ಲೆಕ್ಕ ಹಾಕಿ.

ಎಂಜಿನಿಯರಿಂಗ್‌ನಲ್ಲೂ ಹೀಗೆಯೇ. ಬಂಟಕಲ್ಲಿನ ಮಧ್ವ ವಾದಿರಾಜ, ಬೆಂಜನಪದವಿನ ಕೆನರಾ, ಇವು ವಿಟಿಯು, ಅಂದರೆ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿವಿಯ ಕಡೆಯವು. ಮಣಿಪಾಲದ ಎಂಐಟಿ ಮಾಹೆ ಎಂಬ ಡೀಮ್ಡ್ ವಿವಿಯದು. ನಿಟ್ಟೆಯ ಎಂಜಿನಿಯರಿಂಗ್ ಕಾಲೇಜು ಮೊದಲು ವಿಟಿಯುನಲ್ಲಿತ್ತು, 2022ರಿಂದ ನಿಟ್ಟೆ ಡೀಮ್ಡ್ ವಿವಿಯ ಭಾಗ. ಸುರತ್ಕಲ್‌ನ ಎನ್‌ಐಟಿಕೆಯ ಬಿಟೆಕ್‌ಗಂತೂ ಇಲ್ಲಿನ ಯಾವ ಕಾಲೇಜಿನಿಂದಲೂ ನಡುವೆ ಹೋಗಲು ಆಗುವುದಿಲ್ಲ. ಅಲ್ಲಿಗೆ ಜೆಇಇ ಮೇನ್ ಬರೆದು ಮೊದಲ ವರ್ಷಕ್ಕೇ ಸೇರಬೇಕು. "ಒಂದು ವರ್ಷ ಚೆನ್ನಾಗಿ ಮಾರ್ಕ್ ತೆಗೆದರೆ ಎನ್‌ಐಟಿಕೆಗೆ ಹಾಕಬಹುದು" ಎಂದು ಯಾರಾದರೂ ಹೇಳಿದರೆ ಚಾ ಕುಡಿದು ಎದ್ದು ಬನ್ನಿ.

ಮಂಜೇಶ್ವರ, ಕಾಸರಗೋಡಿನ ಕನ್ನಡ ಮಕ್ಕಳಿಗೆ ಒಂದು ಪ್ರತ್ಯೇಕ ಮಾತು. ಅಲ್ಲಿನ ಸರಕಾರಿ ಕಾಲೇಜುಗಳು ಕಣ್ಣೂರು ವಿವಿಯವು. ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಡಿಗ್ರಿ ಪದ್ಧತಿ ಶುರುವಾಯಿತು. ಕರ್ನಾಟಕ ಅದೇ ವರ್ಷ ನಾಲ್ಕು ವರ್ಷದ ಪದ್ಧತಿ ಬಿಟ್ಟು ಮೂರು ವರ್ಷಕ್ಕೆ ಮರಳಿತು. ತಲಪಾಡಿ ಗಡಿಯ ಆಚೆ ಒಂದು ವರ್ಷ ಓದಿ ಈಚೆ ಎರಡನೇ ವರ್ಷಕ್ಕೆ ಬರುತ್ತೇನೆ ಎನ್ನುವವರು ಎರಡು ಬೇರೆ ಬೇರೆ ಕಟ್ಟಡಗಳ ಮಹಡಿ ಜೋಡಿಸಲು ಹೊರಟ ಹಾಗೆ. ಬೇಕೇ ಬೇಕೆಂದಿದ್ದರೆ ಮೊದಲ ವರ್ಷಕ್ಕೇ ಬನ್ನಿ.

ಇನ್ನೊಂದು ತಪ್ಪು ಕಲ್ಪನೆ: ಅಪಾರ್ ಐಡಿ (ವಿದ್ಯಾರ್ಥಿಯ ಕಾಯಂ ಗುರುತಿನ ಸಂಖ್ಯೆ) ಇದೆ, ಕ್ರೆಡಿಟ್ ಎಲ್ಲ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ ಜಮೆ ಆಗಿದೆ, ಇನ್ನು ಎಲ್ಲಿ ಬೇಕಾದರೂ ಹೋಗಬಹುದು ಎನ್ನುವುದು. ನೀವು ಗಳಿಸಿದ ಕ್ರೆಡಿಟ್ಟಿನ ದಾಖಲೆ ಅಲ್ಲಿ ಇರುತ್ತದೆ, ನಿಜ. ಗರಿಷ್ಠ 7 ವರ್ಷ ಚಾಲ್ತಿಯಲ್ಲೂ ಇರುತ್ತದೆ. ಆದರೆ ಅದು ಸೀಟು ಕೊಡಿಸುವುದಿಲ್ಲ. ಒಪ್ಪುವುದು, ಬಿಡುವುದು ತೆಗೆದುಕೊಳ್ಳುವ ಕಾಲೇಜಿನ ಕೈಯಲ್ಲಿದೆ.

ಹಂತ 3: ನಡುವೆ ಇಳಿಯಬೇಕಾ, ಜಂಕ್ಷನ್‌ನಲ್ಲಿ ಇಳಿದರೆ ಸಾಕಾ?

ಉಡುಪಿಯಿಂದ ಮಂಗಳೂರಿನ ಎಕ್ಸ್‌ಪ್ರೆಸ್ ಹತ್ತಿದವರು ಕಾರ್ಕಳ ಕಡೆಗೆ ಹೋಗಬೇಕಾದರೆ ಪಡುಬಿದ್ರಿಯಲ್ಲಿ ಇಳಿಯುತ್ತಾರೆ. ಅಲ್ಲಿ ಬಸ್ ನಿಲ್ಲುತ್ತದೆ, ಇನ್ನೊಂದು ಬಸ್ ಸಿಗುತ್ತದೆ. ನಡುರಸ್ತೆಯಲ್ಲಿ ಬೆಲ್ ಹೊಡೆಸಿ ಇಳಿದರೆ ಮುಂದಿನದು ನಿಮ್ಮ ಹಣೆಬರಹ. ಓದಿನಲ್ಲೂ ಇಂಥ ಜಂಕ್ಷನ್‌ಗಳು ಇವೆ. ಬದಲಿಸುವ ಆಸೆ ಇರುವವರು ಮೊದಲು ಇವುಗಳನ್ನು ನೋಡಬೇಕು.

ಒಂದು, ಡಿಪ್ಲೊಮಾ ಆದ ಮೇಲೆ. ಎಸ್ಸೆಸ್ಸೆಲ್ಸಿ ಮುಗಿಸಿ ಕದ್ರಿಯ ಕೆಪಿಟಿಯಂಥ ಪಾಲಿಟೆಕ್ನಿಕ್‌ನಲ್ಲಿ 3 ವರ್ಷ. ಆಮೇಲೆ ರಾಜ್ಯದ ಪರೀಕ್ಷಾ ಪ್ರಾಧಿಕಾರ ಕೆಇಎ ಡಿಪ್ಲೊಮಾದವರಿಗೆ ನಡೆಸುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಬಿಇಗೆ. ಅಲ್ಲಿ ಇನ್ನು 3 ವರ್ಷ. ಒಟ್ಟು 6. ಪಿಯು 2, ಬಿಇ 4 ಸೇರಿದರೂ 6. ಒಂದು ವರ್ಷವೂ ನಷ್ಟ ಇಲ್ಲ. ನಡುವೆ ನಿಂತರೂ ಕೈಯಲ್ಲಿ ಡಿಪ್ಲೊಮಾ ಇರುತ್ತದೆ. ಇದು ಸರಕಾರವೇ ಮಾಡಿಟ್ಟ ದಾರಿ, ಯಾರ ಕೈಕಾಲು ಹಿಡಿಯುವುದೂ ಬೇಡ. ಕಷ್ಟ ಇರುವುದು ಗಣಿತದಲ್ಲಿ. ಪಿಯು ಸೈನ್ಸ್‌ನವರು ಎರಡು ವರ್ಷ ಗುದ್ದಾಡಿ ಬಂದ ಕ್ಯಾಲ್ಕುಲಸ್ ಡಿಪ್ಲೊಮಾದಲ್ಲಿ ಅಷ್ಟು ಆಳವಾಗಿ ಇರುವುದಿಲ್ಲ. ಡಿಸಿಇಟಿ ಮುಗಿದು ಕ್ಲಾಸ್ ಶುರುವಾಗುವ ನಡುವಿನ ತಿಂಗಳುಗಳನ್ನು ಅದಕ್ಕೇ ಇಟ್ಟುಕೊಳ್ಳಿ. ಪಿಯು ಸೈನ್ಸ್ ಅಥವಾ ಐಟಿಐ ಮುಗಿಸಿದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರುವ ಅವಕಾಶವೂ ಇದೆ. ಇದು ಬಹಳ ಜನರಿಗೆ ಗೊತ್ತೇ ಇಲ್ಲ.

ಎರಡು, ಡಿಗ್ರಿ ಆದ ಮೇಲೆ. ಬಿಕಾಂ ಕುಂದಾಪುರದಲ್ಲಿ, ಎಂಕಾಂ ಕೊಣಾಜೆಯಲ್ಲಿ. ಬಿಸಿಎ ಕಾರ್ಕಳದಲ್ಲಿ, ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆದು ಎಂಸಿಎ ಮಂಗಳೂರಿನಲ್ಲಿ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಮೂರು ವರ್ಷದ ಡಿಗ್ರಿಯಲ್ಲಿ ನಡುವೆ ಕಾಲೇಜು ಬದಲಿಸುವುದಕ್ಕಿಂತ ಹತ್ತಿರದಲ್ಲಿ ಮೂರು ವರ್ಷ ಮುಗಿಸಿ, ಉಳಿದ ದುಡ್ಡಿನಲ್ಲಿ ಪಿಜಿಗೆ ದೊಡ್ಡ ಕಡೆ ಹೋಗುವುದು ಹೆಚ್ಚಿನವರಿಗೆ ಲಾಭ. ಕೊನೆಗೆ ಬಯೋಡಾಟಾದಲ್ಲಿ ಮೇಲೆ ಕಾಣುವುದು ಕೊನೆಯ ಕಾಲೇಜೇ ಅಲ್ವಾ?

ಎರಡೂ ನಿಮಗೆ ಹೊಂದುವುದಿಲ್ಲ, ನಡುವೆಯೇ ಬದಲಿಸಬೇಕು ಎಂದಾದರೆ ಮಾತ್ರ ಮುಂದೆ ಓದಿ. ಆಗ ಸರಿಯಾದ ಜಾಗ ಮೂರನೇ ಸೆಮಿಸ್ಟರಿನ ಆರಂಭ. ಐದನೇ ಸೆಮಿಸ್ಟರಿನಲ್ಲಿ ಕೇಳಿಕೊಂಡು ಹೋಗುವವರಿಗೆ ಸಾಮಾನ್ಯವಾಗಿ ನಿರಾಸೆ ಕಾದಿರುತ್ತದೆ. ಎರಡನೇ, ನಾಲ್ಕನೇ ಸೆಮಿಸ್ಟರಿಗೆ ಕೇಳಲೇ ಬೇಡಿ.

ಹಂತ 4: ಎರಡನೇ ಕಾಲೇಜಿಗೆ ಹೋಗಿ ಕೇಳಿ

ಫೋನ್ ಸಾಲದು. ಹೋಗಬೇಕು. ಪ್ರವೇಶದ ಗಲಾಟೆ ಇರುವ ಬೆಳಗ್ಗೆ ಬಿಟ್ಟು ಮಧ್ಯಾಹ್ನ ಊಟದ ನಂತರ ಹೋಗಿ. ಅಡ್ಮಿಶನ್ ಕೌಂಟರಿನಲ್ಲಿ ಆ ಎರಡು ತಿಂಗಳಿಗೆ ಕೂತವರನ್ನು ಕೇಳಿ ಪ್ರಯೋಜನ ಇಲ್ಲ. ಆಫೀಸಿನ ಸೂಪರಿಂಟೆಂಡೆಂಟ್ ಅಥವಾ ಆ ವಿಭಾಗದ ಮುಖ್ಯಸ್ಥರನ್ನು ಕಾಣಿ. ಅಪ್ಪ ಅಮ್ಮ ಜೊತೆಗೆ ಬರಲಿ, ಆದರೆ ಮಾತು ವಿದ್ಯಾರ್ಥಿಯದ್ದೇ ಇರಲಿ.

ಪ್ರಶ್ನೆ ಕೇಳುವ ರೀತಿ ಮುಖ್ಯ. "ಸರ್, ಮುಂದಿನ ವರ್ಷ ಮೂರನೇ ಸೆಮಿಸ್ಟರಿಗೆ ತಗೊಳ್ತೀರಾ?" ಎಂದರೆ "ಬನ್ನಿ, ಆಗ ನೋಡುವ" ಎಂಬ ಉತ್ತರ ಬರುತ್ತದೆ. ಅದನ್ನು ಇಲ್ಲ ಎಂದೇ ಬರೆದುಕೊಳ್ಳಿ. ಹೀಗೆ ಕೇಳಿ:

"ಸರ್, ಕಳೆದ ವರ್ಷ ಇದೇ ಕೋರ್ಸಿಗೆ ಮೂರನೇ ಸೆಮಿಸ್ಟರಿನಲ್ಲಿ ಹೊರಗಿನಿಂದ ಯಾರನ್ನಾದರೂ ತಗೊಂಡಿದ್ದೀರಾ? ಯಾವ ಕಾಲೇಜಿನಿಂದ ಬಂದದ್ದು?"

ತೆಗೆದುಕೊಂಡಿದ್ದರೆ ಅವರಿಗೆ ನೆನಪಿರುತ್ತದೆ, ಯಾಕೆಂದರೆ ಅದರ ಕಾಗದಪತ್ರ ಓಡಾಡಿಸಿದ್ದು ಅವರೇ. ಎರಡು ಮೂರು ವರ್ಷದಲ್ಲಿ ಒಬ್ಬರೂ ಬಂದಿಲ್ಲ ಎಂದಾದರೆ ನೀವೇ ಮೊದಲಿಗರು ಆಗುವ ಆಸೆ ಬೇಡ.

ಉತ್ತರ ಹೌದು ಎಂದಾದರೆ ಇನ್ನೂ ಐದು ವಿಷಯ ಕೇಳಿ ಅಲ್ಲೇ ಬರೆದುಕೊಳ್ಳಿ. ಸೀಟು ಖಾಲಿಯಾಗುವುದು ಹೇಗೆ, ಮೊದಲ ವರ್ಷ ಬಿಟ್ಟುಹೋದವರ ಜಾಗ ಮಾತ್ರವಾ? ಆಯ್ಕೆಗೆ ಪಿಯು ಮಾರ್ಕ್ ನೋಡುತ್ತೀರಾ, ಸೆಮಿಸ್ಟರ್ ಮಾರ್ಕಾ? ಒಂದು ಪೇಪರ್ ಬಾಕಿ ಇದ್ದರೂ ನಡೆಯುತ್ತದಾ? ಫೀಸ್ ಮೊದಲಿನಿಂದ ಇದ್ದವರಷ್ಟೇನಾ? ನಡುವೆ ಬಂದವರಿಗೆ ರ‍್ಯಾಂಕ್, ಕ್ಯಾಂಪಸ್ ಸಂದರ್ಶನ ಎಲ್ಲ ಸಿಗುತ್ತದಾ?

ಬಾಕಿ ಪೇಪರಿನ ಪ್ರಶ್ನೆಗೆ ಹೆಚ್ಚಿನ ಕಡೆ ಮುಖ ಬದಲಾಗುತ್ತದೆ. ಮೊದಲ ಸೆಮಿಸ್ಟರಿನಲ್ಲಿ ಒಂದು ಪೇಪರ್ ಹೋಯಿತು ಎಂದರೆ ನಿಮ್ಮ ಯೋಜನೆ ಅಲ್ಲಿಗೆ ಬಹುತೇಕ ಮುಗಿದ ಹಾಗೆ. ಇದನ್ನು ಮಕ್ಕಳಿಗೆ ಮೊದಲೇ ಹೇಳಬೇಕು.

ವಿಟಿಯು ಕಾಲೇಜುಗಳ ನಡುವೆ ಬದಲಿಸುವುದಾದರೆ ಎರಡೂ ಕಾಲೇಜಿನ ನಿರಾಕ್ಷೇಪಣಾ ಪತ್ರ ಮತ್ತು ವಿವಿಯ ಅನುಮತಿ ಬೇಕು. ಇದಕ್ಕೆ ವಿವಿಯ ಪ್ರಕಟಣೆ ಬರುತ್ತದೆ, ಕೊಟ್ಟ ಸಮಯವೂ ಕಡಿಮೆ. ಸಿಇಟಿಯಲ್ಲಿ ಸಿಕ್ಕ ಸೀಟಿನ ಫೀಸ್ ಹೊಸ ಕಾಲೇಜಿನಲ್ಲೂ ಅಷ್ಟೇ ಇರುತ್ತದೆ ಎಂದು ನಂಬಿ ಕೂರಬೇಡಿ. ಬರವಣಿಗೆಯಲ್ಲಿ ಕೇಳಿ.

ಎಚ್ಚರಿಕೆಯ ಒಂದು ಮಾತು. ಆಫೀಸಿನ ಹೊರಗೆ ಸಿಕ್ಕಿ "ನನಗೆ ಮ್ಯಾನೇಜ್‌ಮೆಂಟ್ ಗೊತ್ತು, ಈಗ ಸ್ವಲ್ಪ ಕೊಟ್ಟಿಡಿ, ಮುಂದಿನ ವರ್ಷದ ಸೀಟು ಗ್ಯಾರಂಟಿ" ಎನ್ನುವವರ ಹತ್ತಿರ ನಿಲ್ಲಲೂ ಬೇಡಿ. ಮುಂದಿನ ವರ್ಷ ಎಷ್ಟು ಸೀಟು ಖಾಲಿಯಾಗುತ್ತದೆ ಎಂದು ಈಗ ಪ್ರಾಂಶುಪಾಲರಿಗೂ ಗೊತ್ತಿರುವುದಿಲ್ಲ.

ಹಂತ 5: ಎರಡು ಸಿಲೆಬಸ್ ಪಕ್ಕ ಪಕ್ಕ ಇಟ್ಟು ಗೆರೆ ಹಾಕಿ

ಪುಸ್ತಕದ ಒಂದು ಪುಟವನ್ನು ಉದ್ದಕ್ಕೆ ಎರಡು ಭಾಗ ಮಾಡಿ. ಎಡಕ್ಕೆ ಮೊದಲ ಕಾಲೇಜಿನ ಒಂದು, ಎರಡನೇ ಸೆಮಿಸ್ಟರಿನ ಎಲ್ಲ ಪೇಪರು, ಬಲಕ್ಕೆ ಎರಡನೇ ಕಾಲೇಜಿನದ್ದು. ಹೆಸರಿನ ಪಕ್ಕ ಕ್ರೆಡಿಟ್ ಎಷ್ಟು ಎಂದೂ ಬರೆಯಿರಿ. ಹೊಂದುವ ಪೇಪರುಗಳನ್ನು ಪೆನ್ಸಿಲಿನಲ್ಲಿ ಜೋಡಿಸುತ್ತಾ ಹೋಗಿ.

ಹೆಸರು ಒಂದೇ ಇದ್ದರೆ ಸಾಲದು, ಒಳಗಿನ ಯೂನಿಟ್ ಓದಿ. ಉದಾಹರಣೆಗೆ ಬಿಸಿಎಯಲ್ಲಿ ಡೇಟಾ ಸ್ಟ್ರಕ್ಚರ್ ಒಂದು ಕಡೆ ಎರಡನೇ ಸೆಮಿಸ್ಟರಿನಲ್ಲಿ ಇದೆ, ಇನ್ನೊಂದು ಕಡೆ ಮೂರನೆಯದರಲ್ಲಿ ಎಂದಿಟ್ಟುಕೊಳ್ಳಿ. ನೀವು ಅದು ಮೂರನೆಯದರಲ್ಲಿ ಇರುವ ಕಾಲೇಜಿನಿಂದ ಎರಡನೆಯದರಲ್ಲಿ ಇರುವ ಕಾಲೇಜಿಗೆ ಹೋದರೆ ಆ ಪೇಪರ್ ಕ್ಲಾಸಿನಲ್ಲಿ ಕೂತು ಕಲಿಯುವ ಅವಕಾಶವೇ ಇಲ್ಲ. ಅಲ್ಲಿ ಅದು ಮುಗಿದಿದೆ, ಇಲ್ಲಿ ಶುರುವಾಗಿಲ್ಲ. ಹೊಸ ಸೆಮಿಸ್ಟರಿನ ಪೇಪರುಗಳ ಮೇಲೆ ಇದನ್ನೂ ಬರೆಯಬೇಕಾಗುತ್ತದೆ.

ಮಕ್ಕಳು ಮರೆಯುವುದು ಭಾಷೆಯ ಪೇಪರನ್ನು. ಮೊದಲ ಕಾಲೇಜಿನಲ್ಲಿ ಸಂಸ್ಕೃತ ತೆಗೆದುಕೊಂಡು, ಎರಡನೆಯದರಲ್ಲಿ ಸಂಸ್ಕೃತ ಮೇಷ್ಟ್ರೇ ಇಲ್ಲದಿದ್ದರೆ? ಕನ್ನಡ, ಹಿಂದಿಯಂಥ ಎಲ್ಲ ಕಡೆ ಇರುವ ಭಾಷೆ ತೆಗೆದುಕೊಂಡರೆ ಈ ತಲೆಬಿಸಿ ಇಲ್ಲ. ಐಚ್ಛಿಕ ವಿಷಯ ಆರಿಸುವಾಗಲೂ ಎರಡೂ ಕಡೆ ಇರುವುದನ್ನೇ ಆರಿಸಿ.

ಪುಟದಲ್ಲಿ ಒಂದೋ ಎರಡೋ ಪೇಪರ್ ಜೋಡಿಯಾಗದೆ ಉಳಿದರೆ ಸುಧಾರಿಸಬಹುದು. ಅದಕ್ಕಿಂತ ಜಾಸ್ತಿ ಉಳಿದರೆ ಮೂರನೇ ಸೆಮಿಸ್ಟರ್ ಪೂರ್ತಿ ಹಿಂದಿನ ಸಾಲ ತೀರಿಸುವುದರಲ್ಲೇ ಹೋಗುತ್ತದೆ.

ಹಂತ 6: ದುಡ್ಡಿನ ಲೆಕ್ಕ

"ಮೊದಲ ವರ್ಷ ಉಳಿತಾಯ" ಎಂದು ಹೇಳುವವರು ಬದಲಿಸುವ ಖರ್ಚನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಪ್ರವೇಶ ಫೀಸ್ ಎರಡು ಸಲ. ವಿವಿ ಬದಲಾದರೆ ನೋಂದಣಿ, ಅರ್ಹತಾ ಪತ್ರ, ಮೈಗ್ರೇಶನ್‌ಗೆ ಮತ್ತೆ. ಸಮವಸ್ತ್ರ ಇರುವ ಕಾಲೇಜಾದರೆ ಅದೂ ಹೊಸದು. ಮೂರನೇ ಸೆಮಿಸ್ಟರಿಗೆ ಬಂದವರಿಗೆ ಹಾಸ್ಟೆಲಿನಲ್ಲಿ ಜಾಗ ಸಿಗದೆ ಪೇಯಿಂಗ್ ಗೆಸ್ಟ್ ರೂಮು ಹುಡುಕುವುದು ಸಾಮಾನ್ಯ. ಅಲ್ಲಿನ ಅಡ್ವಾನ್ಸ್ ಬೇರೆ.

ಬಸ್ಸಿನದ್ದೂ ಲೆಕ್ಕ ಹಾಕಿ. ಉಡುಪಿಯಿಂದ ಮಂಗಳೂರಿಗೆ ಸುಮಾರು 55ರಿಂದ 60 ಕಿಲೋಮೀಟರ್, ಕೊಣಾಜೆಗೆ ಹೋಗುವವರಿಗೆ ಸ್ಟೇಟ್‌ಬ್ಯಾಂಕಿನಿಂದ ಇನ್ನೊಂದು ಬಸ್. ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಉಚಿತ ಇರುವುದು ಸರಕಾರಿ ಬಸ್ಸಿನಲ್ಲಿ. ನಮ್ಮ ಈ ರೂಟಿನಲ್ಲಿ ಓಡುವುದು ಜಾಸ್ತಿ ಖಾಸಗಿ ಎಕ್ಸ್‌ಪ್ರೆಸ್. ದಿನಾ ಹೋಗಿಬರುತ್ತೇನೆ ಎನ್ನುವವರು ಫೀಸ್ ಕಟ್ಟುವ ಮೊದಲು, ಮಳೆಗಾಲದ ಒಂದು ಸೋಮವಾರ, ಬೆಳಗ್ಗಿನ ಬಸ್ಸಿನಲ್ಲಿ ಒಮ್ಮೆ ಹೋಗಿ ನೋಡಲಿ.

ವಿದ್ಯಾರ್ಥಿವೇತನ ಪಡೆಯುವವರು ರಾಜ್ಯ ಸರಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಕಾಲೇಜಿನ ವಿವರ ಸರಿಮಾಡಿಸಬೇಕು. ಹಳೆಯ ಕಾಲೇಜಿನ ಹೆಸರಿನಲ್ಲೇ ಅರ್ಜಿ ಹಾಕಿದರೆ ಹಣ ನಿಂತುಹೋಗುತ್ತದೆ.

ಈಗ ಕೆಸಿಇಟಿಗೆ ಕಾಯುತ್ತಾ ಬಿಎಸ್ಸಿಗೋ ಬಿಸಿಎಗೋ ಸೇರುವವರ ವಿಷಯ. ಯುಜಿಸಿಯ (ವಿಶ್ವವಿದ್ಯಾನಿಲಯ ಅನುದಾನ ಆಯೋಗ) 2018ರ ನಿಯಮದ ಪ್ರಕಾರ, ಪ್ರಕಟವಾದ ಪ್ರವೇಶದ ಕೊನೆಯ ದಿನಕ್ಕೆ 15 ದಿನ ಮೊದಲೇ ಬಿಟ್ಟರೆ ಸಣ್ಣ ಕಡಿತ ಬಿಟ್ಟು ಪೂರ್ತಿ ಫೀಸ್ ವಾಪಸ್. ಕೊನೆಯ ದಿನಕ್ಕೆ 15 ದಿನಕ್ಕಿಂತ ಕಡಿಮೆ ಇರುವಾಗ ಬಿಟ್ಟರೆ ಶೇ. 90. ಕೊನೆಯ ದಿನ ಕಳೆದು 15 ದಿನದ ಒಳಗೆ ಶೇ. 80, ಅದರಾಚೆ 30 ದಿನದವರೆಗೆ ಶೇ. 50. ಆಮೇಲೆ ಏನೂ ಇಲ್ಲ. ಯುಜಿಸಿ ಕೆಲವು ವರ್ಷ ಇದಕ್ಕಿಂತ ಉದಾರವಾದ ಸುತ್ತೋಲೆ ಹೊರಡಿಸುವುದೂ ಉಂಟು, ಆ ವರ್ಷದ್ದನ್ನು ನೋಡಿಕೊಳ್ಳಿ. ಹಾಗಾಗಿ ಮೊದಲ ದಿನವೇ ಆ "ಕೊನೆಯ ದಿನಾಂಕ" ಯಾವುದು ಎಂದು ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ. ಬಿಡುವ ಅರ್ಜಿಗೆ ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಮೂಲ ಮಾರ್ಕ್ಸ್ ಕಾರ್ಡನ್ನು ಕಾಲೇಜು ಇಟ್ಟುಕೊಳ್ಳುವಂತಿಲ್ಲ ಎಂದು ಅದೇ ನಿಯಮದಲ್ಲಿದೆ. ಪರಿಶೀಲನೆಗೆ ಕೊಟ್ಟು ಅಲ್ಲೇ ವಾಪಸ್ ಪಡೆಯಿರಿ, ಕೆಇಎ ದಾಖಲೆ ಪರಿಶೀಲನೆಗೆ ಅದು ಬೇಕು.

ಹಂತ 7: ನಿರ್ಧಾರ

ಒಂದೇ ಪ್ರಶ್ನೆ. ಮುಂದಿನ ವರ್ಷ ಎರಡನೇ ಕಾಲೇಜು ಬೇಡ ಎಂದಿತು ಎಂದಿಟ್ಟುಕೊಳ್ಳಿ. ಮೊದಲ ಕಾಲೇಜಿನಲ್ಲೇ ಡಿಗ್ರಿ ಮುಗಿಸಲು ನಿಮಗೆ ಒಪ್ಪಿಗೆಯಾ?

ಹೌದು ಎಂದಾದರೆ ಧೈರ್ಯವಾಗಿ ಸೇರಿ. ಬದಲಾವಣೆ ಸಿಕ್ಕರೆ ಲಾಭ, ಸಿಗದಿದ್ದರೆ ನಷ್ಟ ಇಲ್ಲ. ಇಲ್ಲ ಎಂದಾದರೆ ಸೇರಬೇಡಿ. ಸಾಲ ಮಾಡಿಯೋ, ಬೇರೆ ಕೋರ್ಸ್ ನೋಡಿಯೋ ಈಗಲೇ ಬೇಕಾದ ಕಡೆ ಹೋಗಿ. "ಹೇಗೂ ಬಿಡುವವಳು" ಎಂದುಕೊಂಡು ಕ್ಲಾಸಿಗೆ ಹೋಗುವವರು ಗೆಳೆಯರನ್ನು ಮಾಡಿಕೊಳ್ಳುವುದಿಲ್ಲ, ಮೇಷ್ಟ್ರ ಹತ್ತಿರ ಮಾತಾಡುವುದಿಲ್ಲ, ಹಾಜರಿಯೂ ಇಳಿಯುತ್ತದೆ. ಮಾರ್ಕ್ ಬೀಳುತ್ತದೆ. ಮಾರ್ಕ್ ಬಿದ್ದವರನ್ನು ಎರಡನೇ ಕಾಲೇಜು ತೆಗೆದುಕೊಳ್ಳುವುದಿಲ್ಲ.

ಹಂತ 8: ಸೇರಿದ ಮೇಲೆ, ಕಾಗದಪತ್ರದ ಕ್ರಮ

ಮೊದಲ ವರ್ಷ ಮಾಡಬೇಕಾದದ್ದು ಕಡಿಮೆ. ಒಂದೂ ಪೇಪರ್ ಉಳಿಸಿಕೊಳ್ಳಬೇಡಿ. ಹಾಜರಿ ಮಂಗಳೂರು ವಿವಿಯಲ್ಲಿ ಶೇ. 75, ವಿಟಿಯುನಲ್ಲಿ ಶೇ. 85ಕ್ಕಿಂತ ಕೆಳಗೆ ಇಳಿಯದಿರಲಿ. ನೀವು ಓದಿದ ವರ್ಷದ ಸಿಲೆಬಸ್ಸನ್ನು ಫೈಲಿನಲ್ಲಿ ಇಟ್ಟುಕೊಳ್ಳಿ. ವೆಬ್‌ಸೈಟಿನಲ್ಲಿ ಅದು ಬದಲಾಗಬಹುದು. ಎರಡನೇ ಸೆಮಿಸ್ಟರ್ ಪರೀಕ್ಷೆಗೆ ಒಂದು ತಿಂಗಳ ಮೊದಲೇ ಎರಡನೇ ಕಾಲೇಜಿಗೆ ಮತ್ತೊಮ್ಮೆ ಹೋಗಿ ಮುಖ ತೋರಿಸಿ ಬನ್ನಿ.

ಪರೀಕ್ಷೆ ಮುಗಿದ ಮೇಲೆ ಕ್ರಮ ಹೀಗಿರಲಿ. ಮೊದಲು ಎರಡನೇ ಕಾಲೇಜಿಗೆ ಅರ್ಜಿ, ಜೊತೆಗೆ ಸಿಕ್ಕಿದಷ್ಟು ಮಾರ್ಕ್ಸ್ ಕಾರ್ಡ್. ಅವರಿಂದ ಸೀಟು ಇದೆ ಎಂಬ ಪತ್ರ, ಸಹಿ ಮತ್ತು ಸೀಲಿನ ಜೊತೆ. ಅದನ್ನು ತೋರಿಸಿ ಮೊದಲ ಕಾಲೇಜಿನಿಂದ ನಿರಾಕ್ಷೇಪಣಾ ಪತ್ರ. ಆಮೇಲೆ ವಿವಿಯ ಅನುಮತಿ. ವಿವಿಗಳ ಆನ್‌ಲೈನ್ ವ್ಯವಸ್ಥೆ ಯುಯುಸಿಎಂಎಸ್‌ನಲ್ಲಿ ನಿಮ್ಮ ಹೆಸರು ಹಳೆಯ ಕಾಲೇಜಿನಲ್ಲೇ ಉಳಿದರೆ ಪರೀಕ್ಷಾ ಶುಲ್ಕ ಕಟ್ಟುವಾಗ ಸಿಕ್ಕಿಬೀಳುತ್ತೀರಿ, ಅದನ್ನೂ ಬದಲಿಸಲು ಹೇಳಿ. ವಿವಿ ಬೇರೆಯಾದರೆ ಮೈಗ್ರೇಶನ್.

ಟಿಸಿ ಎಲ್ಲದಕ್ಕಿಂತ ಕೊನೆಗೆ. ಟಿಸಿ ಕೈಗೆ ಬಂದ ದಿನ ಮೊದಲ ಕಾಲೇಜಿನ ನಿಮ್ಮ ಸೀಟು ಹೋಯಿತು. ಎರಡನೆಯದು ಇನ್ನೂ ಬಾಯಿಮಾತಿನಲ್ಲೇ ಇದ್ದರೆ ನಿಮಗೆ ಎರಡೂ ಇಲ್ಲ. "ಮೊದಲು ಟಿಸಿ ತನ್ನಿ, ಮತ್ತೆ ನೋಡುವ" ಎಂದು ಎರಡನೇ ಕಾಲೇಜಿನವರು ಹೇಳಿದರೆ, "ಸರ್, ಒಂದು ಪತ್ರ ಕೊಡಿ, ನಾಳೆಯೇ ತರುತ್ತೇನೆ" ಎನ್ನಿ. ಪತ್ರ ಕೊಡಲಿಲ್ಲವಾದರೆ ಹಳೆಯ ಕಾಲೇಜಿಗೆ ಹೋಗಿ ಮೂರನೇ ಸೆಮಿಸ್ಟರಿನ ಫೀಸ್ ಕಟ್ಟಿ, ಕ್ಲಾಸಿಗೆ ಹೋಗಿ ಕೂತುಕೊಳ್ಳಿ.